ಬೀಗದ ಕೈ ಯಾರ ಹತ್ತಿರ?

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕಾಲ ಬಂತೆಂದರೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಕಂಪ್ಯೂಟರ್ ಸೆಂಟರ್‌ಗಳ ಮುಂದೆ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಎಸ್‌ಎಸ್‌ಪಿ ಪೋರ್ಟಲ್‌ಗೆ ಕಳೆದ ವರ್ಷದ ಪಾಸ್‌ವರ್ಡ್ ಬೇಕು. ಹುಡುಗಿಗೆ ಅದು ನೆನಪಿಲ್ಲ. ಒಟಿಪಿ ಹೋಗುವುದು ಅಪ್ಪನ ಹಳೆಯ ನಂಬರಿಗೆ, ರೀಚಾರ್ಜ್ ಮಾಡಿಸದೆ ಆ ಸಿಮ್ ನಿಂತುಹೋಗಿದೆ. "ಹೋದ ಸಲ ನಾವೇ ಹಾಕಿದ್ವಲ್ಲ, ತಡಿ" ಎಂದು ಸೆಂಟರಿನವರು ಮೇಜಿನ ಕೆಳಗಿನಿಂದ ಉದ್ದನೆಯ ನೋಟ್‌ಬುಕ್ ತೆಗೆಯುತ್ತಾರೆ. ನಾಲ್ಕು ಪುಟ ತಿರುವಿದರೆ ಹೆಸರು, ಮೊಬೈಲ್ ನಂಬರು, ಮೇಲ್ ಐಡಿ, ಪಾಸ್‌ವರ್ಡ್ ಎಲ್ಲ ಸಿಗುತ್ತದೆ. ಹುಡುಗಿಯ ಮುಖ ಅರಳುತ್ತದೆ.

ಅಂಥದೊಂದು ನೋಟ್‌ಬುಕ್ಕನ್ನು ನಾನು ಎದುರಿಗೆ ಕೂತು ನೋಡಿದ್ದೇನೆ. ಅದರಲ್ಲಿ ಒಂದು ಹೋಬಳಿಯ ಅರ್ಧ ಜನ ಇದ್ದರು. ಇಟ್ಟುಕೊಂಡವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅವರು ಬರೆದಿಡದಿದ್ದರೆ ಎಷ್ಟೋ ಮಕ್ಕಳ ಅರ್ಜಿ ನಿಂತೇಹೋಗುತ್ತಿತ್ತು. ಆದರೆ ಆ ಪುಸ್ತಕಕ್ಕೆ ಬೀಗವಿರಲಿಲ್ಲ, ಚಹಾ ತಂದ ಹುಡುಗನೂ ಅದನ್ನು ತಿರುವಬಹುದಿತ್ತು. ಪಾಸ್‌ವರ್ಡ್ ಮ್ಯಾನೇಜರ್ ಬೇಕೇ ಬೇಡವೇ, ಯಾವುದನ್ನು ಆರಿಸಬೇಕು, ದುಡ್ಡು ಕೊಡಬೇಕೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ನೋಟ್‌ಬುಕ್ಕೇ. ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಆಗಲೇ ಇದೆ. ಕೆಲವರಿಗೆ ಅದು ಸೆಂಟರಿನ ನೋಟ್‌ಬುಕ್, ಕೆಲವರಿಗೆ ಬೆಂಗಳೂರಿನಲ್ಲಿರುವ ಮಗ, ಕೆಲವರಿಗೆ ಫೋನಿನ ಕವರ್ ಒಳಗೆ ಮಡಿಸಿಟ್ಟ ಚೀಟಿ. ಇರುವ ಪ್ರಶ್ನೆ ಒಂದೇ: ಬೀಗದ ಕೈ ಯಾರ ಹತ್ತಿರ ಇರಬೇಕು?

ಅಡಿಕೆ, ಮೆಕ್ಕೆಜೋಳ ಬೆಳೆಯುವ ಒಂದು ಸಾಧಾರಣ ಮನೆಯನ್ನೇ ಲೆಕ್ಕ ಹಾಕಿ. ರೈತನಿಗೆ ಫ್ರೂಟ್ಸ್ ನೋಂದಣಿ, ಪಿಎಂ ಕಿಸಾನ್, ಬೆಳೆ ವಿಮೆ. ಜಮೀನಿನ ಪತ್ರಕ್ಕೆ ಕಾವೇರಿ, ಪ್ರಮಾಣಪತ್ರಗಳಿಗೆ ಸೇವಾಸಿಂಧು. ಮಗಳಿಗೆ ಎಸ್‌ಎಸ್‌ಪಿ, ಸಿಇಟಿ ಬರೆಯುವಾಗ ಕೆಇಎ. ಬೆಂಗಳೂರಿನ ಮಗನಿಗೆ ಪಿಎಫ್, ಆದಾಯ ತೆರಿಗೆ, ಡಿಜಿಲಾಕರ್. ಇವುಗಳ ಮೇಲೆ ಬ್ಯಾಂಕು, ಇವೆಲ್ಲದರ ಬುಡದಲ್ಲಿ ಒಂದು ಜಿಮೇಲ್. ಇಷ್ಟನ್ನು ಬೇರೆಬೇರೆಯಾಗಿ ನೆನಪಿಡುವುದು ಯಾರಿಂದಲೂ ಆಗದ ಮಾತು. ಹಾಗಾಗಿ ಎಲ್ಲದಕ್ಕೂ ಒಂದೇ ಇಡುತ್ತೇವೆ, ಅದೂ ಹೆಸರಿನ ಮುಂದೆ ಅಟ್ ಚಿಹ್ನೆ ಹಾಕಿ 123. ಈ ಅಭ್ಯಾಸವನ್ನು ನಮಗೆ ಕಲಿಸಿದ್ದರಲ್ಲಿ ಸರ್ಕಾರಿ ಕಾಗದಗಳ ಪಾಲೂ ಇದೆ. ಇ-ಆಧಾರ್ ಕಡತ ತೆರೆಯಲು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿ ಸಾಕು. ಪಾಸ್‌ವರ್ಡ್ ಎಂದರೆ ಹೀಗೇ ಇರುತ್ತದೆ ಎಂದು ಜನ ನಂಬಿದರೆ ತಪ್ಪು ಅವರದಲ್ಲ.

ಒಂದೇ ಪಾಸ್‌ವರ್ಡಿನ ಅಪಾಯ ಎಂಥದ್ದೆಂದು ಬೆಂಗಳೂರಿನದೇ ಒಂದು ಪ್ರಕರಣ ತೋರಿಸಿತು. ದಿನಸಿ ಮನೆಗೆ ತಲುಪಿಸುವ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ ಕಳುವಾದದ್ದು 2020ರ ನವೆಂಬರಿನಲ್ಲಿ ಬೆಳಕಿಗೆ ಬಂತು, 2021ರ ಏಪ್ರಿಲ್ ಹೊತ್ತಿಗೆ ಅದು ಕಳ್ಳರ ನಡುವೆ ಬಹಿರಂಗವಾಗಿಯೇ ಹರಿದಾಡುತ್ತಿತ್ತು. ಅದರಲ್ಲಿದ್ದ ಪಾಸ್‌ವರ್ಡುಗಳನ್ನು ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನದಿಂದ ಮರೆಮಾಡಲಾಗಿತ್ತು, ಸುಲಭದವನ್ನು ಈಗಿನ ಯಂತ್ರಗಳು ಬೇಗ ಒಡೆಯುತ್ತವೆ. ತರಕಾರಿ ತರಿಸಲು ಇಟ್ಟ ಪಾಸ್‌ವರ್ಡನ್ನೇ ಜಿಮೇಲ್‌ಗೂ ಇಟ್ಟವನ ಗತಿ ಏನು? ಕಳ್ಳರು ಸಿಕ್ಕ ಜೋಡಿಯನ್ನು ನೂರು ಬಾಗಿಲಿಗೆ ಹಾಕಿ ನೋಡುತ್ತಾರೆ, ಎಲ್ಲಿ ತೆರೆದರೆ ಅಲ್ಲಿಗೆ ನುಗ್ಗುತ್ತಾರೆ. ನಮ್ಮ ಮೇಲ್ ಇಂಥ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂದು ಉಚಿತವಾಗಿ ನೋಡಲು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಕಟ್ಟಿದ 'ಹ್ಯಾವ್ ಐ ಬೀನ್ ಪೋನ್ಡ್' ತಾಣವಿದೆ. ಊರಿನ ನಾಲ್ಕಾರು ಮಂದಿಗೆ ನೋಡಿಕೊಟ್ಟೆ. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವರ ಮೇಲ್‌ಗಳೇ ಹೆಚ್ಚಾಗಿ ಸಿಕ್ಕವು.

ಪಾಸ್‌ವರ್ಡೇ ಬೇಡ, ಹೆಬ್ಬೆಟ್ಟೇ ಸಾಕಲ್ಲ ಎಂದು ಕೇಳುವವರಿದ್ದಾರೆ. ಇದು ನಮ್ಮ ರಾಜ್ಯಕ್ಕೆ ಹೊಸ ವಿಚಾರವೇನಲ್ಲ. 2000ದ ಸುಮಾರಿಗೆ 'ಭೂಮಿ' ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದು ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ದಾಖಲೆ ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ವ್ಯವಸ್ಥೆ ಮಾಡಿದರು. ಪಾಸ್‌ವರ್ಡಾದರೆ ಕಚೇರಿಯಲ್ಲಿ ಕೈಯಿಂದ ಕೈಗೆ ಹೋಗುತ್ತದೆ, ಆಮೇಲೆ "ನಾನಲ್ಲ, ಇನ್ಯಾರೋ" ಎನ್ನಲು ದಾರಿಯಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ತಿಳಿವಳಿಕೆ ಸರಿಯೇ ಇತ್ತು. ಆದರೆ ಬೆರಳಿಗೂ ಒಂದು ದೌರ್ಬಲ್ಯವಿದೆ. 2023ರಲ್ಲಿ ರಾಜ್ಯದ ಹಲವೆಡೆ ಜನರ ಖಾತೆಯಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿದ್ದರು ಎಂಬುದು ತನಿಖೆಯಲ್ಲಿ ಕಂಡಿತು, ಆಮೇಲೆ ನೋಂದಣಿ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚಿತು. ಕದ್ದ ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್‌ಗೆ ಬೀಗ ಹಾಕುವ ಅವಕಾಶವಿದೆ, ಹಾಕಿಡುವುದು ಒಳ್ಳೆಯದು.

ಅಂದಮೇಲೆ ಪಾಸ್‌ವರ್ಡ್ ಇನ್ನೂ ಕೆಲವು ಕಾಲ ನಮ್ಮ ಜೊತೆಗಿರುತ್ತದೆ. ಅವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಆ ಪೆಟ್ಟಿಗೆಗೆ ಒಂದೇ ಬೀಗ ಹಾಕುವುದು ಪಾಸ್‌ವರ್ಡ್ ಮ್ಯಾನೇಜರಿನ ಕೆಲಸ. ಒಳಗಿನ ಪ್ರತಿ ಪಾಸ್‌ವರ್ಡನ್ನೂ ಅದೇ ಹುಟ್ಟಿಸುತ್ತದೆ, ಯಾವುದನ್ನೂ ನಾವು ನೆನಪಿಡಬೇಕಿಲ್ಲ. ಪೆಟ್ಟಿಗೆ ತೆರೆಯುವ ಮುಖ್ಯ ಪಾಸ್‌ವರ್ಡ್ ಒಂದು ನೆನಪಿದ್ದರೆ ಆಯಿತು. ಇದಕ್ಕೆ ಇನ್ನೊಂದು ಗುಣವಿದೆ, ಅದನ್ನು ಹೇಳುವವರು ಕಡಿಮೆ. ಸರ್ಕಾರಿ ತಾಣದಂತೆಯೇ ಕಾಣುವ ನಕಲಿ ತಾಣಕ್ಕೆ ನಾವು ಮೋಸಹೋಗಬಹುದು, ಮ್ಯಾನೇಜರ್ ಹೋಗುವುದಿಲ್ಲ. ವಿಳಾಸದಲ್ಲಿ ಒಂದಕ್ಷರ ಬೇರೆಯಿದ್ದರೂ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ಯಾವಾಗಲೂ ತುಂಬುತ್ತಿದ್ದದ್ದು ಇವತ್ತು ಸುಮ್ಮನೆ ಕೂತಿತೆಂದರೆ ಕೈ ತಡೆದು ವಿಳಾಸ ನೋಡಬೇಕು.

ಈಗ ಆಯ್ಕೆಗೆ ಬರೋಣ. ಹೆಚ್ಚಿನವರ ಕೈಯಲ್ಲಿ ಈಗಾಗಲೇ ಇರುವುದು ಆಂಡ್ರಾಯ್ಡ್ ಫೋನಿನೊಳಗಿನ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್. ಐಫೋನ್ ಇದ್ದವರಿಗೆ 2024ರಿಂದ ಪಾಸ್‌ವರ್ಡ್ಸ್ ಎಂಬ ಪ್ರತ್ಯೇಕ ಆ್ಯಪ್ಪೇ ಬಂದಿದೆ. ಎರಡೂ ಉಚಿತ. ನೋಟ್‌ಬುಕ್ಕಿಗಿಂತ ಎರಡೂ ಸಾವಿರ ಪಾಲು ಮೇಲು. ಆದರೆ ಗೂಗಲಿನದನ್ನು ಬಳಸುವ ಮೊದಲು ನಮ್ಮ ಕಡೆ ಒಂದು ಕೆಲಸ ಆಗಲೇಬೇಕು. ನಮ್ಮಲ್ಲಿ ಎಷ್ಟೋ ಜನರ ಜಿಮೇಲನ್ನು ಮಾಡಿಕೊಟ್ಟದ್ದು ಸೆಂಟರಿನವರು ಅಥವಾ ಫೋನ್ ಮಾರಿದ ಅಂಗಡಿಯವರು. ಅದರ ಪಾಸ್‌ವರ್ಡ್ ಅವರಿಗೆ ಗೊತ್ತು, ಮರೆತರೆ ಮರಳಿ ಪಡೆಯುವ ನಂಬರೂ ಕೆಲವೊಮ್ಮೆ ಅವರದೇ. ಆ ಜಿಮೇಲಿನೊಳಗೆ ಎಲ್ಲ ಪಾಸ್‌ವರ್ಡ್ ತುಂಬಿಸಿದರೆ ತಿಜೋರಿ ಕೊಂಡು ಬೀಗದ ಕೈಯನ್ನು ಪೇಟೆಯಲ್ಲಿ ಬಿಟ್ಟು ಬಂದಂತಾಗುತ್ತದೆ. ಆದ್ದರಿಂದ ಮೊದಲು ಪಾಸ್‌ವರ್ಡ್ ಬದಲಿಸಿ, ನಂಬರು ನಿಮ್ಮದು ಮಾಡಿ, ಬೇರೆ ಕಂಪ್ಯೂಟರುಗಳಲ್ಲಿ ತೆರೆದಿರುವುದನ್ನೆಲ್ಲ ಮುಚ್ಚಿಸಿ. ಸೆಂಟರಿನ ಕಂಪ್ಯೂಟರಿನಲ್ಲಿ ಅರ್ಜಿ ಹಾಕುವಾಗ "ಪಾಸ್‌ವರ್ಡ್ ಉಳಿಸಲೇ?" ಎಂದು ಕ್ರೋಮ್ ಕೇಳಿದರೆ ಬೇಡ ಎನ್ನಿ. ಹೂಂ ಎಂದರೆ ಅದು ಉಳಿಯುವುದು ಅವರ ಖಾತೆಯಲ್ಲಿ.

ಗೂಗಲಿಗೆ ಎಲ್ಲವನ್ನೂ ಒಪ್ಪಿಸಲು ಮನಸ್ಸಿಲ್ಲದವರಿಗೆ ನಾನು ಹೇಳುವುದು ಬಿಟ್‌ವಾರ್ಡನ್. 2016ರಲ್ಲಿ ಶುರುವಾದ ಇದರ ಒಳಗಿನ ಕೋಡ್ ಎಲ್ಲರಿಗೂ ತೆರೆದಿದೆ, ಬಲ್ಲವರು ಪರೀಕ್ಷಿಸಬಹುದು. ಉಚಿತ ಖಾತೆಯಲ್ಲೇ ಎಷ್ಟು ಬೇಕಾದರೂ ಪಾಸ್‌ವರ್ಡ್ ಇಡಬಹುದು, ಫೋನು ಕಂಪ್ಯೂಟರು ಎರಡರಲ್ಲೂ ತೆರೆಯಬಹುದು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಹಣ ಕೊಟ್ಟು ಪಡೆಯುವ ಪ್ರೀಮಿಯಂ ಬಹುಕಾಲ ವರ್ಷಕ್ಕೆ 10 ಡಾಲರ್ ಇತ್ತು. ಕೆನಡಾದ 1ಪಾಸ್‌ವರ್ಡ್‌ಗೆ ಉಚಿತ ಖಾತೆಯೇ ಇಲ್ಲ, ಅದು ತಿಂಗಳಿಗೆ ಸುಮಾರು 3 ಡಾಲರಿನಂತೆ ವರ್ಷದ ಹಣವನ್ನು ಒಟ್ಟಿಗೆ ಕೇಳುತ್ತಿತ್ತು. ಇವುಗಳ ಬೆಲೆ ಏರುತ್ತಲೇ ಇರುತ್ತದೆ, ಕೊಳ್ಳುವ ದಿನವೇ ನೋಡಿಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಪಾಸ್ 2023ರಲ್ಲಿ ಬಂತು, ಅದಕ್ಕೂ ಉಚಿತ ಖಾತೆ ಇದೆ. ಚೆನ್ನೈನ ಜೋಹೊ ಕಂಪನಿಯ ಜೋಹೊ ವಾಲ್ಟ್ ಒಬ್ಬರೇ ಬಳಸುವುದಾದರೆ ಉಚಿತ, ಕಚೇರಿಗೆ ಬೇಕಾದರೆ ರೂಪಾಯಿಯಲ್ಲೇ ಹಣ ಕಟ್ಟಬಹುದು. ಇನ್ನು ಕೀಪಾಸ್: 2003ರಿಂದ ಇದೆ, ಪೂರ್ತಿ ಉಚಿತ, ಕಂಪನಿಯ ಹಂಗೇ ಇಲ್ಲ. ನಿಮ್ಮ ಪೆಟ್ಟಿಗೆ ನಿಮ್ಮ ಕಂಪ್ಯೂಟರಿನಲ್ಲೇ ಒಂದು ಕಡತವಾಗಿರುತ್ತದೆ. ಕಡತ ಕಳೆದುಹೋದರೆ ಮಾತ್ರ ದೂರಲು ಯಾರೂ ಇಲ್ಲ. ಸೊರಬದ ಒಳಹಳ್ಳಿಗಳಲ್ಲಿ ಮಳೆಗಾಲದ ಕರೆಂಟು, ನೆಟ್‌ವರ್ಕಿನ ಪಾಡು ಬಲ್ಲವರಿಗೆ ಒಂದು ಮಾತು: ಕೀಪಾಸ್‌ಗೆ ನೆಟ್ ಬೇಕಾಗಿಲ್ಲ, ಬಿಟ್‌ವಾರ್ಡನ್ ಕೂಡ ಒಮ್ಮೆ ತೆರೆದ ಫೋನಿನಲ್ಲಿ ನೆಟ್ ಇಲ್ಲದಾಗಲೂ ಓದಲು ಸಿಗುತ್ತದೆ.

ಯಾವುದನ್ನು ಆರಿಸಿದರೂ ಲಾಸ್ಟ್‌ಪಾಸ್‌ನ ಕಥೆ ತಿಳಿದಿರಬೇಕು. ಒಂದು ಕಾಲಕ್ಕೆ ಎಲ್ಲರೂ ಸೂಚಿಸುತ್ತಿದ್ದ ಹೆಸರು ಅದು. 2021ರ ಮಾರ್ಚಿನಲ್ಲಿ ಅವರು ಉಚಿತ ಖಾತೆಯನ್ನು ಮೊಟಕು ಮಾಡಿ, ಫೋನು ಅಥವಾ ಕಂಪ್ಯೂಟರು ಎರಡರಲ್ಲಿ ಒಂದೇ ಎಂದರು. 2022ರಲ್ಲಿ ಕಳ್ಳರು ಆ ಕಂಪನಿಯ ಒಬ್ಬ ಎಂಜಿನಿಯರನ ಮನೆಯ ಕಂಪ್ಯೂಟರಿಗೆ ನುಗ್ಗಿ, ಆತ ಟೈಪ್ ಮಾಡಿದ ಮುಖ್ಯ ಪಾಸ್‌ವರ್ಡನ್ನೇ ಹಿಡಿದರು. ಅದರ ಮೂಲಕ ಗ್ರಾಹಕರ ಪೆಟ್ಟಿಗೆಗಳ ನಕಲನ್ನು ಎತ್ತಿಕೊಂಡು ಹೋದರು. ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ಆದರೆ ಯಾವ ಯಾವ ತಾಣದಲ್ಲಿ ಖಾತೆ ಇದೆ ಎಂಬ ವಿಳಾಸಗಳು ಬಿಚ್ಚಿಯೇ ಇದ್ದವು. ಮುಖ್ಯ ಪಾಸ್‌ವರ್ಡನ್ನು ಇಂಥ ಸೇವೆಗಳು ನೇರವಾಗಿ ಬಳಸುವುದಿಲ್ಲ, ಒರಳಿನಲ್ಲಿ ರುಬ್ಬಿದ ಹಾಗೆ ಲಕ್ಷಾಂತರ ಸುತ್ತು ತಿರುವಿ ಬೀಗದ ಕೈ ಮಾಡುತ್ತವೆ. ಸುತ್ತು ಹೆಚ್ಚಾದಷ್ಟೂ ಕಳ್ಳನಿಗೆ ಒಂದೊಂದು ಊಹೆಗೂ ಹೆಚ್ಚು ಹೊತ್ತು ಬೇಕು. ಈಗ 6 ಲಕ್ಷ ಸುತ್ತು ಬೇಕೆಂಬ ಸಲಹೆ ಇದೆ. ಲಾಸ್ಟ್‌ಪಾಸ್‌ನ ಹಳೆಯ ಗ್ರಾಹಕರಲ್ಲಿ ಕೆಲವರ ಖಾತೆ 5,000 ಸುತ್ತಿಗೇ, ಇನ್ನು ಕೆಲವರದು ಅದಕ್ಕಿಂತಲೂ ಕಡಿಮೆಗೆ ನಿಂತಿತ್ತು. ಮುಖ್ಯ ಪಾಸ್‌ವರ್ಡ್ ಉದ್ದವಿದ್ದವರು ಉಳಿದರು, ಸಣ್ಣದಿಟ್ಟವರಿಗೆ ಅಪಾಯ ತಪ್ಪಲಿಲ್ಲ. ಕಂಪನಿ ದೊಡ್ಡದು, ಹಣ ಕೊಟ್ಟಿದ್ದೇವೆ ಎಂಬುದು ಅವರನ್ನು ಕಾಯಲಿಲ್ಲ.

1ಪಾಸ್‌ವರ್ಡ್ ಈ ವಿಷಯದಲ್ಲಿ ನಮ್ಮ ತಾಲ್ಲೂಕು ಖಜಾನೆಯನ್ನು ನೆನಪಿಸುತ್ತದೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಇಡುವ ಖಜಾನೆಯ ಭದ್ರಕೋಣೆಗೆ ಎರಡು ಬೀಗ, ಎರಡು ಕೈ, ಇಬ್ಬರು ಹೊಣೆಗಾರರು. ಹಾಗೆಯೇ ಅಲ್ಲಿ ನಿಮ್ಮ ಪಾಸ್‌ವರ್ಡಿನ ಜೊತೆಗೆ 34 ಅಕ್ಷರಗಳ ಗುಪ್ತ ಕೀಲಿಯೂ ಬೇಕು. ಆ ಕೀಲಿ ನಿಮ್ಮ ಸಾಧನದಲ್ಲಿ ಮತ್ತು ನೀವು ಮುದ್ರಿಸಿಟ್ಟ ಕಾಗದದಲ್ಲಿ ಮಾತ್ರ ಇರುತ್ತದೆ. ಕಂಪನಿಯಿಂದ ಪೆಟ್ಟಿಗೆ ಕದ್ದರೂ ಊಹೆಯಿಂದ ಅದನ್ನು ತೆರೆಯಲಾಗದು. ದುಡ್ಡಿಗೆ ತಕ್ಕ ಗುಣವಿದು.

ಮುಖ್ಯ ಪಾಸ್‌ವರ್ಡನ್ನು ಎಲ್ಲಿಂದ ತರುವುದು? ಉಡುತಡಿ ಮತ್ತು ಬಳ್ಳಿಗಾವಿ ಶಿಕಾರಿಪುರ ತಾಲ್ಲೂಕಿನವು, ಅಕ್ಕಮಹಾದೇವಿಯ, ಅಲ್ಲಮನ ಊರುಗಳು. ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಎಂಬ ಅಂಕಿತಗಳನ್ನೇ ಪಾಸ್‌ವರ್ಡ್ ಮಾಡಿಕೊಂಡವರನ್ನು ನಾನು ಬಲ್ಲೆ. ಹುಚ್ಚುರಾಯಸ್ವಾಮಿಯ, ಚಂದ್ರಗುತ್ತಿ ರೇಣುಕಾಂಬೆಯ ಹೆಸರಿಟ್ಟವರೂ ಇದ್ದಾರೆ. ಭಕ್ತಿಯಿಂದ ಇಟ್ಟದ್ದು ನಿಜ. ಆದರೆ ಅಂಕಿತ ಇರುವುದೇ ಮಾತು ಯಾರದೆಂದು ಲೋಕಕ್ಕೆ ತಿಳಿಸಲು. ಎಲ್ಲರಿಗೂ ಗೊತ್ತಿರುವುದು ಗುಟ್ಟಾಗುವುದು ಹೇಗೆ? ದಪ್ಪ ಕನ್ನಡ ನಿಘಂಟೊಂದನ್ನು ತೆಗೆದುಕೊಂಡು, ಸೊನ್ನೆಯಿಂದ ಒಂಬತ್ತರವರೆಗಿನ ಚೀಟಿ ಬರೆದು, ಒಂದೊಂದೇ ಎತ್ತಿ ಪುಟವನ್ನೂ ಸಾಲನ್ನೂ ಗೊತ್ತುಮಾಡಿ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಕಲಕಬೇಕು. ಹೀಗೆ ಸಿಕ್ಕ ಐದು ಪದಗಳನ್ನು ಸಾಲಾಗಿ ಜೋಡಿಸಿ. ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ದಾಳ ಉರುಳಿಸಿ ಪದ ಆರಿಸುವ ವಿಧಾನವನ್ನು ಹೇಳಿದ್ದರು, ಇದು ಅದರದೇ ದಾರಿ. ಚೌಕಾಬಾರದ ಕವಡೆ ಇದಕ್ಕೆ ಬರುವುದಿಲ್ಲ, ಅದರಲ್ಲಿ ಎರಡು ಬೀಳುವಷ್ಟು ಸಲ ನಾಲ್ಕು ಬೀಳುವುದಿಲ್ಲ. ಮನಸ್ಸಿಗೆ ಬಂದ ಪದ ಆರಿಸಿದರೂ ಆಗದು, ನಮ್ಮ ಮನಸ್ಸು ಕವಡೆಗಿಂತ ಹೆಚ್ಚು ಪಕ್ಷಪಾತಿ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಾದ್ದರಿಂದ ಕಾಗುಣಿತವನ್ನು ಹೇಗೆ ಬರೆದಿರೋ ಹಾಗೇ ಕಾಗದದಲ್ಲಿ ಬರೆದಿಡಬೇಕು. ತ, ಥ ಎರಡನ್ನೂ ಒಂದೇ ಥರ ಬರೆಯುವವರು ನಾವು.

ಇನ್ನು ದುಡ್ಡಿನ ಮಾತು. ಇಲ್ಲಿ ಬೆಲೆಗಿಂತ ಕಟ್ಟುವ ದಾರಿಯೇ ಕಷ್ಟ. ಬಿಟ್‌ವಾರ್ಡನ್‌ನ ಆ ಹಳೆಯ 10 ಡಾಲರನ್ನೇ ತೆಗೆದುಕೊಂಡರೂ ಡಾಲರಿಗೆ 85ರಿಂದ 90 ರೂಪಾಯಿ ಹಿಡಿದು 850ರಿಂದ 900. ವಿದೇಶಿ ಡಿಜಿಟಲ್ ಸೇವೆಗೆ ಶೇ 18 ಜಿಎಸ್‌ಟಿ ಇದೆ, ಡಾಲರ್ ಬದಲಿಸಿದ್ದಕ್ಕೆ ಬ್ಯಾಂಕಿನ ಶುಲ್ಕವಿದೆ. ಸಾವಿರ ದಾಟುತ್ತದೆ. ಅಷ್ಟು ಕೊಡಬಲ್ಲ ರೈತನ ಕೈಯಲ್ಲಿರುವುದು ಗ್ರಾಮೀಣ ಬ್ಯಾಂಕಿನ ಅಥವಾ ಸಹಕಾರಿ ಬ್ಯಾಂಕಿನ ರುಪೇ ಕಾರ್ಡು. ಹೆಚ್ಚಿನ ವಿದೇಶಿ ತಾಣಗಳು ಕೇಳುವುದು ವೀಸಾ, ಮಾಸ್ಟರ್‌ಕಾರ್ಡ್. ಅದು ಇದ್ದರೂ, 2020ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡಿನ ವಿದೇಶಿ ಬಳಕೆ, ಆನ್‌ಲೈನ್ ಬಳಕೆ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು, ಕೆಲಸವಾದ ಮೇಲೆ ಮುಚ್ಚಬೇಕು. 2021ರ ಅಕ್ಟೋಬರ್ 1ರಿಂದ, ತಾನಾಗಿ ಪ್ರತಿ ಸಲ ಹಣ ಕಡಿತವಾಗುವ ಪಾವತಿಗೆ ಮೊದಲೇ ನಮ್ಮ ದೃಢೀಕರಣ ಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಬರಬೇಕು. ಆಗ ಎಷ್ಟೋ ವಿದೇಶಿ ಚಂದಾಗಳು ಒಮ್ಮೆಲೇ ನಿಂತವು. ಜನರಿಗೆ ಕಿರಿಕಿರಿಯಾಯಿತು, ಆದರೆ ಈ ನಿಯಮ ನಮ್ಮಂಥವರ ರಕ್ಷಣೆಗೇ ಇರುವುದೆಂದು ನಾನು ನಂಬಿದ್ದೇನೆ. ಗೂಗಲ್ ಪ್ಲೇ ಮೂಲಕ ಹಣ ಪಡೆಯುವ ಆ್ಯಪ್ ಆದರೆ ಯುಪಿಐ ನಡೆಯುತ್ತದೆ, ನಮ್ಮ ಕಡೆಗೆ ಎಲ್ಲಕ್ಕಿಂತ ಸಲೀಸು ಅದು.

ನಮ್ಮ ಆದಾಯ ತಿಂಗಳಿಗೊಮ್ಮೆ ಬರುವುದಲ್ಲ. ಅಡಿಕೆ ಮಾರಿದಾಗ, ಜೋಳ ಮಾರಿದಾಗ ಬರುತ್ತದೆ. ಹಾಗಾಗಿ ವರ್ಷದ ಚಂದಾವನ್ನು ಒಮ್ಮೆಗೇ ಕಟ್ಟುವುದು ಒಳ್ಳೆಯದು. ಮುಂದಿನ ವರ್ಷ ಕಟ್ಟಲಾಗದಿದ್ದರೆ ಏನಾಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಬೇಕು. ಬಿಟ್‌ವಾರ್ಡನ್ ಆದರೆ ಉಚಿತ ಖಾತೆಗೆ ಇಳಿಯುತ್ತದೆ. 1ಪಾಸ್‌ವರ್ಡ್ ಆದರೆ ಇದ್ದದ್ದನ್ನು ನೋಡಬಹುದು, ಹೊರತೆಗೆಯಬಹುದು, ಹೊಸದು ಸೇರಿಸಲಾಗದು. ನೋಡಲೂ ಬಿಡದ ಸೇವೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರೇ ಒಂದು ಫೋನಿನಲ್ಲಿ ಬಳಸುವವರು ಹಣ ಕೊಡುವ ಅಗತ್ಯವಿಲ್ಲ. ಕೊಡಬೇಕಾದವರು ಇಬ್ಬರು. ಒಂದು, ನಾಲ್ಕು ಜನ ಒಂದೇ ಲಾಗಿನ್ ಹಂಚಿಕೊಳ್ಳುವ ಶಾಲೆಯ ಕಚೇರಿ, ಸಹಕಾರ ಸಂಘ, ಸೆಂಟರ್. ಯಾರು ಯಾವಾಗ ತೆರೆದರು ಎಂದು ಅಲ್ಲಿ ದಾಖಲಾಗಬೇಕು, ನೌಕರ ಬಿಟ್ಟುಹೋದ ದಿನ ಬೀಗ ಬದಲಾಗಬೇಕು. ಆದರೆ ಸೆಂಟರಿನವರು ಗಿರಾಕಿಗಳ ಪಾಸ್‌ವರ್ಡ್ ಇಟ್ಟುಕೊಳ್ಳದಿರುವುದೇ ಸರಿ, ಗಿರಾಕಿಗಳು ಕೊಡದಿರುವುದೂ ಸರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಖಾತೆಯಿಂದ ಹಣ ಹೋಗಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ಗುಟ್ಟನ್ನು ನಾವೇ ಇನ್ನೊಬ್ಬರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಮ್ಮದು. ನೋಟ್‌ಬುಕ್ಕಿನಲ್ಲಿ ಬ್ಯಾಂಕಿನ ಪಾಸ್‌ವರ್ಡೂ ಇದ್ದವರಿಗೆ ಈ ಮಾತು ತಿಳಿಯಬೇಕು. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕೆಂಬುದೂ ತಿಳಿದಿರಬೇಕು.

ಎರಡನೆಯವರು ಊರಿನಲ್ಲೊಬ್ಬರು, ಬೆಂಗಳೂರಿನಲ್ಲೊಬ್ಬರು ಎಂದು ಹಂಚಿಹೋದ ಮನೆಯವರು. ಸೊರಬದ ಕಡೆಯ ನನ್ನ ಅತ್ತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಪಿನ್ ಕೇಳಿದರೆ, "ಎಲ್ಲ ಮಗನ ಹತ್ರನೇ ಇರ್ತದೆ ಮಾರಾಯ, ನಂಗೆಂಥದೂ ಗೊತ್ತಿಲ್ಲ" ಎಂದರು. ಮಗ ಒಳ್ಳೆಯವನೇ. ಆದರೂ ಹಣ ಅವರ ಹೆಸರಿಗೆ ಬಂದು ಕೀಲಿ ಇನ್ನೊಬ್ಬರ ಕೈಯಲ್ಲಿರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕುಟುಂಬದ ಖಾತೆಗಳಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಪೆಟ್ಟಿಗೆ ಇರುತ್ತದೆ, ಹಂಚಿಕೊಳ್ಳಬೇಕಾದ್ದಕ್ಕೆ ಮಾತ್ರ ಒಂದು ಸಾಮಾನ್ಯ ಪೆಟ್ಟಿಗೆ. ಬಿಟ್‌ವಾರ್ಡನ್‌ನದು ಆರು ಜನರಿಗೆ, 1ಪಾಸ್‌ವರ್ಡ್‌ನದು ಐದು ಜನರಿಗೆ. ಯುಪಿಐ ಪಿನ್ ಮಾತ್ರ ಯಾವ ಪೆಟ್ಟಿಗೆಗೂ ಬೇಡ, ತಲೆಯಲ್ಲಿರಲಿ.

ಸಾವಿನ ಮಾತನ್ನೂ ಆಡಲೇಬೇಕು. ನಮ್ಮ ದೊಡ್ಡಪ್ಪ ಹಠಾತ್ತಾಗಿ ತೀರಿಕೊಂಡಾಗ ಅವರ ಫೋನು ತೆರೆಯಲಾಗಲಿಲ್ಲ. ಯಾವ ಬ್ಯಾಂಕಿನಲ್ಲಿ ಠೇವಣಿ, ಯಾವ ವಿಮೆ, ಯಾರಿಗೆ ಅಡಿಕೆ ಬಾಕಿ ಎಂದು ತಿಳಿಯಲು ಎಂಟು ತಿಂಗಳು ಹಿಡಿಯಿತು. ಹೋದವರ ಪಾಸ್‌ವರ್ಡ್ ಬಳಸಿ ಹಣ ತೆಗೆಯುವುದು ತಪ್ಪು, ಅದಕ್ಕೆ ನಾಮಿನಿಯ ದಾರಿಯೇ ಸರಿ. ಆದರೆ ಏನೇನಿದೆ ಎಂದಾದರೂ ಮನೆಯವರಿಗೆ ಗೊತ್ತಾಗಬೇಕಲ್ಲ? ಗೂಗಲಿನಲ್ಲಿ, ಖಾತೆ ಇಷ್ಟು ತಿಂಗಳು ಬಳಕೆಯಾಗದಿದ್ದರೆ ಇಂಥವರಿಗೆ ತಿಳಿಸು ಎಂದು ಬರೆದಿಡಬಹುದು. ಬಿಟ್‌ವಾರ್ಡನ್ ಪ್ರೀಮಿಯಂನಲ್ಲಿ, ನಂಬಿದವರು ಕೇಳಿ ನಾವು ಇಂತಿಷ್ಟು ದಿನ ಉತ್ತರಿಸದಿದ್ದರೆ ಪೆಟ್ಟಿಗೆ ಅವರಿಗೆ ತೆರೆಯುತ್ತದೆ. ನಾನು ಹಣ ಕೊಡುವುದು ಮುಖ್ಯವಾಗಿ ಇದೊಂದಕ್ಕೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೂ ನಮ್ಮ ನಂತರ ಹಕ್ಕು ಚಲಾಯಿಸುವವರನ್ನು ನಾಮನಿರ್ದೇಶನ ಮಾಡುವ ಅವಕಾಶವಿದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮನ ಫೋನಿಗೆ ಇದನ್ನೆಲ್ಲ ಮಾಡಿಕೊಟ್ಟೆ. ಹಳೆಯ ಜಿಮೇಲನ್ನು ಅವರದು ಮಾಡಲು ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಚೀಟಿಗಳನ್ನು ಬೆಲ್ಲದ ಡಬ್ಬಿಗೆ ಹಾಕಿ ಕಲಕಿದ್ದು ಮೊಮ್ಮಗಳು, ಎತ್ತಿದ್ದು ದೊಡ್ಡಮ್ಮ. ನಿಘಂಟನ್ನು ಅವರೇ ತೆರೆದು, ಕನ್ನಡಕ ಹಾಕಿಕೊಂಡು ಸಾಲು ಎಣಿಸಿದರು. ಐದು ಪದ ಸಿಕ್ಕ ಮೇಲೆ ನನ್ನ ಕಡೆ ತಿರುಗಿ, "ನೀನು ಆ ಕಡೆ ನೋಡು" ಎಂದರು. ಬರೆದ ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ, ಪಹಣಿ ಮತ್ತು ಬಾಂಡುಗಳಿರುವ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ಯಾವತ್ತಿನಂತೆ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.